ಬಿಟ್ಟು ಹೋದವರ ಬಗ್ಗೆ ಆಡುವ ಮಾತು

ಬೆಂಗಳೂರಿನ ಕಂಪನಿಗಳ ಎಚ್‌ಆರ್ ವಿಭಾಗಕ್ಕೆ ಬಂದು ಬೀಳುವ ಇ-ಮೇಲ್‌ಗಳ ನಡುವೆ ಒಂದು ಬಗೆಯ ಫಾರಂ ಇರುತ್ತದೆ. ಕಳಿಸುವುದು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಏಜೆನ್ಸಿ. ನಿಮ್ಮಲ್ಲಿದ್ದು ಬಿಟ್ಟುಹೋದ ಇಂಥವರ ವಿವರ ಖಚಿತಪಡಿಸಿ ಎಂಬುದು ಕೋರಿಕೆ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ಹುದ್ದೆ, ನೌಕರರ ಸಂಖ್ಯೆ ಎಲ್ಲ ಕಡತ ನೋಡಿ ತುಂಬಿಬಿಡಬಹುದಾದವು. ಕೆಳಗೆ ಹೋಗುತ್ತ ಪ್ರಶ್ನೆಗಳ ಜಾತಿಯೇ ಬೇರೆಯಾಗುತ್ತದೆ. ಕೆಲಸ ಬಿಟ್ಟದ್ದಕ್ಕೆ ಕಾರಣವೇನು? ನಡತೆಯ ಬಗ್ಗೆ ದೂರುಗಳಿದ್ದವೇ? ಕೊನೆಯಲ್ಲಿ, ಇವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ? ಎದುರಿಗೆ ಎರಡು ಚೌಕ, ಹೌದು ಮತ್ತು ಇಲ್ಲ. 'ಇಲ್ಲ'ದ ಮುಂದೆ ಗುರುತು ಹಾಕಲು ಎಷ್ಟೋ ಬಾರಿ ಕಾರಣವನ್ನೇ ಕೊಡಬೇಕಿಲ್ಲ. ಗುರುತು ಬಿದ್ದದ್ದು ಅದಕ್ಕೆ ಬಲಿಯಾದವರಿಗೆ ಗೊತ್ತಾಗುವುದೂ ಇಲ್ಲ. 'ನಿಮ್ಮ ಅರ್ಜಿಯನ್ನು ಸದ್ಯಕ್ಕೆ ಮುಂದುವರಿಸಲಾಗುತ್ತಿಲ್ಲ' ಎಂಬ ಎರಡು ಸಾಲಿನ ಉತ್ತರವಷ್ಟೇ ಅವರಿಗೆ ತಲುಪುತ್ತದೆ.

ಫಾರಮ್ಮಾದರೂ ಕಾಗದದ ವ್ಯವಹಾರ. ಅದಕ್ಕಿಂತ ಹೆಚ್ಚು ಓಡಾಡುವುದು ಫೋನು. 'ಆಫ್ ದಿ ರೆಕಾರ್ಡ್ ಹೇಳಿ ಸಾರ್, ಮನುಷ್ಯ ಹೇಗೆ?' ಎಂದು ಈ ಕಡೆಯವರು ಕೇಳುತ್ತಾರೆ. 'ಕೆಲಸದಲ್ಲಿ ಚೆನ್ನಾಗಿದಾರೆ... ಆದ್ರೆ ಸ್ವಲ್ಪ...' ಎಂದು ಆ ಕಡೆಯವರು ಎಳೆಯುತ್ತಾರೆ. ಆ 'ಸ್ವಲ್ಪ' ಸಾಕು. ಅದರ ಹಿಂದೆ ಕಳ್ಳತನ ಇದ್ದಿರಬಹುದು, ಇಲ್ಲವೇ ಶನಿವಾರವೂ ಬಾ ಎಂದಾಗ ಬರುವುದಿಲ್ಲ ಎಂದ ದಿಟ್ಟತನ ಇದ್ದಿರಬಹುದು. ಕೇಳುವವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ.

ಮಾಲೀಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲೇಬಾರದು ಎನ್ನುವವನಲ್ಲ ನಾನು. ಶಾಲಾ ವಾಹನಕ್ಕೆ ಚಾಲಕನನ್ನು ನೇಮಿಸಿಕೊಳ್ಳುವವರು, ಆತ ಹಿಂದಿನ ಕಡೆ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದನೇ ಎಂದು ವಿಚಾರಿಸದಿದ್ದರೆ ಅದೇ ಅಪರಾಧ. ಕೇಳಿದಾಗ ಹೇಳದಿದ್ದವರೂ ಅದರಲ್ಲಿ ಪಾಲುದಾರರು. ನನ್ನ ತಕರಾರು ಎರಡು. ಯಾರ ಬಗ್ಗೆ ಮಾತೋ ಅವರಿಗೆ ತಿಳಿಯದಂತೆ ಆಡುವುದು ಒಂದು. ಹೇಳಬೇಕಾದ್ದು ಯಾವುದು, ಹೇಳಬಾರದ್ದು ಯಾವುದು ಎಂಬುದನ್ನು ಮಾಲೀಕರ ಅನುಕೂಲವೊಂದೇ ತೀರ್ಮಾನಿಸುವುದು ಇನ್ನೊಂದು. ಈ ಅನುಕೂಲದ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ದೂರದ ಎರಡು ಪ್ರಕರಣಗಳಿವೆ. ಎರಡನ್ನೂ ಜೊತೆಗಿಟ್ಟು ನೋಡಬೇಕು, ಒಂದನ್ನೇ ನೋಡಿದರೆ ಅರ್ಧ ಪಾಠ ಕಲಿತಂತೆ.

ಮೊದಲನೆಯದು ಇಂಗ್ಲೆಂಡಿನದು. ವೂಸ್ಟರ್‌ಶೈರ್‌ನ ಡ್ರೊಯಿಟ್‌ವಿಚ್ ಎಂಬ ಸಣ್ಣ ಊರಿನಲ್ಲಿ 'ದಿ ಕನ್ಸಲ್ಟಿಂಗ್ ಅಸೋಸಿಯೇಷನ್' ಎಂಬ, ಹೆಸರಿನಿಂದ ಏನೂ ತಿಳಿಯದ ಒಂದು ಕಚೇರಿಯಿತ್ತು. ನಡೆಸುತ್ತಿದ್ದವನು ಇಯನ್ ಕೆರ್. 2009ರ ಫೆಬ್ರುವರಿಯಲ್ಲಿ ಅಲ್ಲಿನ ಮಾಹಿತಿ ಆಯುಕ್ತರ ಅಧಿಕಾರಿಗಳು ಒಳಹೊಕ್ಕಾಗ ಸಿಕ್ಕಿದ್ದು 3,213 ಮಂದಿ ಕಟ್ಟಡ ಕಾರ್ಮಿಕರ ಹೆಸರುಗಳಿದ್ದ ಕಡತ. ದೇಶದ ದೊಡ್ಡದೊಡ್ಡ ನಿರ್ಮಾಣ ಕಂಪನಿಗಳು, ನಲವತ್ತಕ್ಕೂ ಹೆಚ್ಚು, ಇದಕ್ಕೆ ವರ್ಷಕ್ಕಿಷ್ಟು ಎಂದು ಚಂದಾ ಕೊಡುತ್ತಿದ್ದವು. ಒಬ್ಬೊಬ್ಬನ ಹೆಸರು ಪರಿಶೀಲಿಸಿದ್ದಕ್ಕೆ ಎರಡು ಪೌಂಡ್ ಚಿಲ್ಲರೆ ಬೇರೆ. ಕಾರ್ಡುಗಳಲ್ಲಿ ಕಳ್ಳತನ, ಹೊಡೆದಾಟದ ವಿವರಗಳನ್ನು ಹುಡುಕಿದರೆ ನಿರಾಶೆಯಾದೀತು. ಬಹುಪಾಲು ಇದ್ದದ್ದು ಯಾರು ಯೂನಿಯನ್ ಕಟ್ಟಿದರು, ಯಾರು ಸುರಕ್ಷತೆಯ ಬಗ್ಗೆ ದೂರಿದರು, ಯಾರ ಹೆಸರು ಪತ್ರಿಕೆಯಲ್ಲಿ ಬಂತು ಎಂಬಂಥ ಟಿಪ್ಪಣಿಗಳು. ಕೆಲಸದ ಜಾಗದಲ್ಲಿ ಕಲ್ನಾರಿನ ಅಪಾಯವನ್ನು ಎತ್ತಿ ಆಡಿದ್ದ ಒಬ್ಬ ಎಂಜಿನಿಯರನ ಕಡತವೇ 36 ಪುಟವಿತ್ತು. ದೇಶದಲ್ಲಿ ಕಟ್ಟಡ ಕೆಲಸಕ್ಕೆ ಜನ ಸಾಲದೆ ಹುಡುಕಾಡುತ್ತಿದ್ದ ವರ್ಷಗಳಲ್ಲಿ ಈ ಮಂದಿ ಅರ್ಜಿ ಹಾಕಿ ಹಾಕಿ ಸೋತು, ತಮ್ಮ ಕಸುಬಿನಲ್ಲೇ ಏನೋ ಕೊರತೆಯಿರಬೇಕು ಎಂದುಕೊಂಡು ಬೇರೆ ದಾರಿ ಹಿಡಿದರು.

ಕೆರ್‌ಗೆ ಬಿದ್ದ ದಂಡ ಐದು ಸಾವಿರ ಪೌಂಡ್. ಕಂಪನಿಗಳು ಮೊದಮೊದಲು ತಮಗೇನೂ ಗೊತ್ತಿಲ್ಲದಂತೆ ಇದ್ದವು. ಕೊನೆಗೆ 2016ರಲ್ಲಿ ನೂರಾರು ಕಾರ್ಮಿಕರಿಗೆ ಪರಿಹಾರ ಕೊಟ್ಟು, ಕ್ಷಮೆ ಕೇಳಿ ವ್ಯಾಜ್ಯ ಮುಗಿಸಿದವು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ದಂಡವಲ್ಲ, ಆ ಕಾರ್ಡುಗಳ ಭಾಷೆ. ಎಲ್ಲೋ ಕೇಳಿದ್ದು, ಯಾರೋ ಫೋರ್‌ಮನ್ ಅಂದದ್ದು, ಅದೇ ಹೆಸರಿನ ಇನ್ನೊಬ್ಬನಿಗೆ ಸೇರಬೇಕಾದದ್ದು ಎಲ್ಲ ಒಟ್ಟಿಗೆ ಕೂತಿದ್ದವು. ತಪ್ಪನ್ನು ತಿದ್ದಬಲ್ಲ ಒಬ್ಬನೇ ಒಬ್ಬನಿದ್ದ, ಆ ಕಾರ್ಡಿನ ಮೇಲೆ ಹೆಸರಿದ್ದವನು. ಅವನಿಗೆ ಅದನ್ನು ತೋರಿಸದಿರುವುದೇ ಆ ಕಚೇರಿಯ ಇಡೀ ಬಂಡವಾಳವಾಗಿತ್ತು.

ಎರಡನೆಯದು ಅಮೆರಿಕದ್ದು, ಇದಕ್ಕೆ ತದ್ವಿರುದ್ಧ. ಚಾರ್ಲ್ಸ್ ಕಲೆನ್ ಎಂಬ ನರ್ಸ್ 1988ರಿಂದ 2003ರವರೆಗೆ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಲ್ಲಿ ಒಂದು ಆಸ್ಪತ್ರೆ ಬಿಟ್ಟು ಇನ್ನೊಂದರಲ್ಲಿ ಕೆಲಸ ಮಾಡುತ್ತ ಹೋದ. ರೋಗಿಗಳಿಗೆ ಡೈಜಾಕ್ಸಿನ್, ಇನ್ಸುಲಿನ್ ಮಿತಿಮೀರಿ ಕೊಟ್ಟು ಕೊಲ್ಲುತ್ತಿದ್ದ. 29 ಕೊಲೆಗಳನ್ನು ಕೋರ್ಟಿನಲ್ಲಿ ಒಪ್ಪಿಕೊಂಡ. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು ಎಂಬ ಅನುಮಾನ ಇಂದಿಗೂ ಇದೆ. ಒಂದಲ್ಲ, ಹಲವು ಕಡೆ ಅವನ ಮೇಲೆ ಸಹೋದ್ಯೋಗಿಗಳಿಗೇ ಸಂಶಯ ಬಂದಿತ್ತು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಂತೂ ಔಷಧದ ಖಾಲಿ ಶೀಶೆಗಳೇ ಸಿಕ್ಕಿ, ರಾಜೀನಾಮೆ ಕೊಟ್ಟು ಹೋಗು ಎಂದರು, ಹೋದ. ಮುಂದಿನ ಆಸ್ಪತ್ರೆ ವಿಚಾರಿಸಿದಾಗ ಸಿಕ್ಕ ಉತ್ತರದಲ್ಲಿ ಕೆಡುಕಿನ ಸುಳಿವಿರಲಿಲ್ಲ. ಇಂತಿಷ್ಟು ದಿನ ಕೆಲಸ ಮಾಡಿದ್ದಾರೆ, ಅಷ್ಟೇ. ಕೆಟ್ಟದ್ದು ಹೇಳಿದರೆ ಮಾನನಷ್ಟದ ದಾವೆ ಹೂಡಿಯಾನು ಎಂಬ ಭಯ ಒಂದು ಕಡೆ, ನಮ್ಮಲ್ಲೇ ರೋಗಿಗಳು ಸತ್ತರು ಎಂದು ಒಪ್ಪಿಕೊಂಡಂತಾದೀತು ಎಂಬ ಅಳುಕು ಇನ್ನೊಂದು ಕಡೆ. 2005ರಲ್ಲಿ ನ್ಯೂಜೆರ್ಸಿ ಕಾನೂನು ತಂದಿತು. ರೋಗಿಗಳ ಆರೈಕೆಗೆ ಸಂಬಂಧಪಟ್ಟಂತೆ ಒಂದು ಆಸ್ಪತ್ರೆ ಕೇಳಿದರೆ ಇನ್ನೊಂದು ಸತ್ಯ ಹೇಳಲೇಬೇಕು, ಪ್ರಾಮಾಣಿಕವಾಗಿ ಹೇಳಿದವರಿಗೆ ದಾವೆಯಿಂದ ರಕ್ಷಣೆ ಉಂಟು. ಅಷ್ಟು ಹೆಣ ಬಿದ್ದ ಮೇಲೆ.

ಹೇಳಲೇಬೇಕಾದ್ದನ್ನು ಆಸ್ಪತ್ರೆಗಳು ನುಂಗಿಕೊಂಡವು, ಹೇಳಬಾರದ್ದನ್ನು ಕಟ್ಟಡದ ಕಂಪನಿಗಳು ಹಣಕೊಟ್ಟು ಹಂಚಿಕೊಂಡವು. ಹೊರಗಿನಿಂದ ಒಂದು ಮೌನದ ತಪ್ಪು, ಇನ್ನೊಂದು ಮಾತಿನ ತಪ್ಪು. ಒಳಗಿನ ಲೆಕ್ಕ ಮಾತ್ರ ಒಂದೇ. ಎರಡು ಕಡೆಯೂ ಕೇಳಿಕೊಂಡ ಪ್ರಶ್ನೆ 'ಇದರಿಂದ ನನಗೇನು ನಷ್ಟ?' ಎಂಬುದು. ಹಾಗಾಗಿ 'ಯಾವುದನ್ನೂ ಹಂಚಬೇಡಿ' ಎನ್ನುವ ಖಾಸಗಿತನದ ಪಕ್ಷಪಾತಿಗಳೂ 'ಎಲ್ಲವೂ ಬಯಲಾಗಲಿ' ಎನ್ನುವ ಪಾರದರ್ಶಕತೆಯ ಪಕ್ಷಪಾತಿಗಳೂ ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಈ ಮಾಹಿತಿ ಮುಚ್ಚಿಟ್ಟರೆ ಪೆಟ್ಟು ಬೀಳುವುದು ಯಾರಿಗೆ? ಹಾಸಿಗೆ ಹಿಡಿದ ರೋಗಿಗೋ, ತರಗತಿಯ ಮಗುವಿಗೋ, ಠೇವಣಿ ಇಟ್ಟ ಮುದುಕರಿಗೋ ಆದರೆ ಬಾಯಿ ಬಿಡಲೇಬೇಕು. ಮ್ಯಾನೇಜರನ ಅಹಂಕಾರಕ್ಕೋ ಕಂಪನಿಯ ಅನುಕೂಲಕ್ಕೋ ಆದರೆ ಬಾಯಿ ಮುಚ್ಚಿಕೊಂಡಿರುವುದೇ ಸಭ್ಯತೆ.

ನಮ್ಮಲ್ಲಿ ಕಲೆನ್ ಪ್ರಕರಣದ ಸಣ್ಣ ಸಣ್ಣ ನಕಲುಗಳು ನಡೆಯುವುದು ಲೈಂಗಿಕ ಕಿರುಕುಳದ ದೂರುಗಳಲ್ಲಿ. 2013ರ ಕಾಯ್ದೆಯ 16ನೇ ಕಲಂ ದೂರಿನ ವಿವರ, ಸಂತ್ರಸ್ತೆ ಮತ್ತು ಆರೋಪಿಯ ಗುರುತು, ವಿಚಾರಣೆಯ ವಿವರಗಳನ್ನು ಸಾರ್ವಜನಿಕರಿಗೆ, ಪತ್ರಿಕೆಗಳಿಗೆ ತಿಳಿಸಬಾರದು ಎನ್ನುತ್ತದೆ. ಒಳ್ಳೆಯ ಉದ್ದೇಶದ ಮಾತು. ಇದನ್ನೇ ಗುರಾಣಿ ಮಾಡಿಕೊಂಡು ಆರೋಪ ಸಾಬೀತಾದವನಿಂದಲೂ ರಾಜೀನಾಮೆ ಬರೆಸಿಕೊಂಡು, ಒಂದು ಶುಭಹಾರೈಕೆಯ ಜೊತೆ ರಿಲೀವಿಂಗ್ ಲೆಟರ್ ಕೊಟ್ಟು ಕಳಿಸುವುದು ಸಲೀಸು. ಮುಂದಿನ ಕಂಪನಿಗೆ ಅವನು ಅನುಭವಿ, ಸಂಭಾವಿತ. ದೂರು ಕೊಟ್ಟವಳು ಬೇಸತ್ತು ಬೇರೆ ಕಡೆ ಅರ್ಜಿ ಹಾಕಿದರೆ ಅವಳ ಬಗ್ಗೆ ಮಾತ್ರ ಆ 'ಸ್ವಲ್ಪ' ಫೋನಿನಲ್ಲಿ ಓಡಾಡುತ್ತದೆ. ಶಾಲೆಗಳಲ್ಲೂ ಇದೇ ಕಥೆ. ಮಗುವಿನ ಮೇಲಿನ ದೌರ್ಜನ್ಯವನ್ನು ಪೊಲೀಸರಿಗೆ ತಿಳಿಸುವುದು ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆಯೂ ಇದೆ. ಆದರೂ ಶಾಲೆಯ ಹೆಸರು ಕೆಡುತ್ತದೆಂದು ಮೇಷ್ಟ್ರನ್ನು ಗುಟ್ಟಾಗಿ ಸಾಗಹಾಕುವ ಆಡಳಿತ ಮಂಡಳಿ ಪಕ್ಕದ ತಾಲ್ಲೂಕಿನ ಮಕ್ಕಳ ತಲೆಗೆ ಅದನ್ನು ಕಟ್ಟುತ್ತಿದೆ ಅಷ್ಟೇ.

ಮಾನನಷ್ಟದ ಭಯ ಎಂಬ ನೆಪಕ್ಕೆ ಇಲ್ಲಿ ಅಷ್ಟೇನೂ ಹುರುಳಿಲ್ಲ. ಭಾರತೀಯ ದಂಡ ಸಂಹಿತೆಯ 499ನೇ ಕಲಮಿನಲ್ಲಿ ಮೊದಲಿನಿಂದಲೂ ಒಂದು ವಿನಾಯಿತಿ ಇತ್ತು. ಒಬ್ಬರ ಹಿತಕ್ಕಾಗಿ, ಅಥವಾ ಸಾರ್ವಜನಿಕ ಹಿತಕ್ಕಾಗಿ, ಸದ್ಭಾವನೆಯಿಂದ ಇನ್ನೊಬ್ಬರ ಬಗ್ಗೆ ಎಚ್ಚರಿಸಿದರೆ ಅದು ಮಾನನಷ್ಟವಾಗುವುದಿಲ್ಲ. ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೂ 356ನೇ ಕಲಮಿನಲ್ಲಿ ಆ ವಿನಾಯಿತಿ ಉಳಿದಿದೆ. ಸದ್ಭಾವನೆ ಎಂದರೆ ತಕ್ಕ ಎಚ್ಚರಿಕೆಯಿಂದ, ವಿಚಾರಿಸಿ ಆಡಿದ ಮಾತು. ಕಾರಿಡಾರಿನಲ್ಲಿ ಕೇಳಿದ್ದನ್ನು ದಾಟಿಸುವುದಕ್ಕೆ ಈ ರಕ್ಷಣೆ ಸಿಗಲಿಕ್ಕಿಲ್ಲ, ಸಿಗಲೂಬಾರದು.

ಈ ಎಚ್ಚರಿಕೆಯ ಅಳತೆ ಏನು ಎಂಬುದಕ್ಕೆ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1994ರಲ್ಲಿ ಕೊಟ್ಟ ಒಂದು ತೀರ್ಪು ಚೆನ್ನಾಗಿದೆ. ಸ್ಪ್ರಿಂಗ್ ಎಂಬಾತ ಗಾರ್ಡಿಯನ್ ಅಶ್ಯೂರೆನ್ಸ್ ಎಂಬ ವಿಮಾ ಕಂಪನಿಯ ಪಾಲಿಸಿ ಮಾರುತ್ತಿದ್ದವನು. ಕೆಲಸ ಹೋಯಿತು. ಇನ್ನೊಂದು ಕಂಪನಿಗೆ ಅರ್ಜಿ ಹಾಕಿದಾಗ ಹಳೆಯವರು ಕೊಟ್ಟ ವರದಿ ಅವನನ್ನು ಅಪ್ರಾಮಾಣಿಕನೆಂದು ಚಿತ್ರಿಸಿತು. ಆ ಉದ್ಯಮದಲ್ಲಿ ಅವನ ಕಥೆ ಅಲ್ಲಿಗೆ ಮುಗಿಯಿತು. ಕೋರ್ಟಿನಲ್ಲಿ ಸಾಕ್ಷ್ಯ ನೋಡಿದ ನ್ಯಾಯಾಧೀಶರಿಗೆ ಕಂಡದ್ದು ಬೇರೆ. ಸ್ಪ್ರಿಂಗ್ ಅಂಥ ಸಮರ್ಥನೇನೂ ಅಲ್ಲ, ಗಿರಾಕಿಗಳಿಗೆ ತಪ್ಪು ಸಲಹೆ ಕೊಟ್ಟಿದ್ದಾನೆ, ಆದರೆ ವಂಚಕನಲ್ಲ. ವರದಿ ಬರೆದಾಕೆಗೂ ದ್ವೇಷವಿರಲಿಲ್ಲ. ಒಳಗಿನ ಯಾರೋ ಹೇಳಿದ್ದನ್ನು ಪರೀಕ್ಷಿಸದೆ ನಂಬಿ ಬರೆದಿದ್ದರು. ದ್ವೇಷ ಇಲ್ಲದಿದ್ದರೆ ಮಾನನಷ್ಟದ ಕಾನೂನು ಅವನ ಕೈ ಹಿಡಿಯುವುದಿಲ್ಲ. ಲಾರ್ಡ್ಸ್ ಆ ಕೊರತೆ ತುಂಬಿದರು. ಬಿಟ್ಟುಹೋದ ನೌಕರನ ಬಗ್ಗೆ ಬರೆಯುವಾಗ ಹಳೆಯ ಮಾಲೀಕ ಜಾಗರೂಕತೆಯ ಹೊಣೆಯನ್ನು ಆ ನೌಕರನಿಗೂ ಸಲ್ಲಿಸಬೇಕು, ಬರೀ ಕೇಳಿದವನಿಗಲ್ಲ ಎಂದರು.

ಅಸಮರ್ಥ ಮತ್ತು ವಂಚಕ, ಇವೆರಡರ ನಡುವಿನ ಅಂತರವನ್ನು ನಮ್ಮ ಫಾರಮ್ಮಿನ 'ಇಲ್ಲ' ಎಂಬ ಚೌಕ ಉಳಿಸಿಕೊಳ್ಳುತ್ತದೆಯೇ? ಅದರಲ್ಲಿ ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟವಳೂ ಲಂಚ ತಿಂದವನೂ ಸಾಲಾಗಿ ನಿಲ್ಲಬಹುದು.

ನಮ್ಮಲ್ಲಿ ಇದಕ್ಕೊಂದು ದೇಸಿ ಪದ್ಧತಿಯೂ ಇದೆ, ರಿಲೀವಿಂಗ್ ಲೆಟರ್ ತಡೆಹಿಡಿಯುವುದು. ಕಾರ್ಖಾನೆಗಳ ಕಾಯಂ ಕಾರ್ಮಿಕರಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿಯ ಮಾದರಿ ನಿಯಮಗಳು ವಜಾ ಆದಾಗಲೂ ಸೇವಾ ಪ್ರಮಾಣಪತ್ರದ ಹಕ್ಕು ಕೊಟ್ಟಿದ್ದವು. ಐಟಿ ಉದ್ದಿಮೆಗೆ ಕರ್ನಾಟಕ ಸರ್ಕಾರ ಆ ಕಾಯ್ದೆಯಿಂದ ಅವಧಿ ಮೇಲೆ ಅವಧಿ ವಿನಾಯಿತಿ ಕೊಡುತ್ತಲೇ ಬಂತು. ಮೂರು ತಿಂಗಳ ನೋಟಿಸ್ ಪೀರಿಯಡ್ ಪೂರೈಸದೆ, ಅಪ್ಪನ ಕಾಯಿಲೆಗೆಂದೋ ಬೇರೆ ಕಡೆ ತುರ್ತಾಗಿ ಕರೆದರೆಂದೋ ಹುಡುಗನೊಬ್ಬ ಹೊರಟುಬಿಟ್ಟ ಎನ್ನಿ. ಕಡತದಲ್ಲಿ ಅವನು 'ಅಬ್‌ಸ್ಕಾಂಡಿಂಗ್', ಅಂದರೆ ತಲೆಮರೆಸಿಕೊಂಡವನು. ಕೊಲೆ ಮಾಡಿ ಓಡಿಹೋದವರಿಗೆ ಪೊಲೀಸರು ಬಳಸುವ ಮಾತು ಇಲ್ಲಿ ಒಂದು ಲ್ಯಾಪ್‌ಟಾಪ್ ಕೊರಿಯರ್ ಮಾಡಿ ಊರಿಗೆ ಹೋದವನಿಗೆ ಅಂಟುತ್ತದೆ. ಪಿಎಫ್‌ನ ಯುಎಎನ್ ಸಂಖ್ಯೆಯ ಹಿಂದೆ ಒಬ್ಬನ ಇಡೀ ನೌಕರಿಯ ಇತಿಹಾಸ ಇರುವುದರಿಂದ, ಆ ಕಂಪನಿಯ ಹೆಸರನ್ನೇ ರೆಸ್ಯೂಮೆಯಲ್ಲಿ ಬಿಟ್ಟುಬಿಡೋಣ ಎಂಬ ಹಳೆಯ ಉಪಾಯವೂ ಈಗ ನಡೆಯುವುದಿಲ್ಲ.

ಇದನ್ನು ನೋಡಿದಾಗ ನನಗೆ ಸಿಲೋನಿನ ತೋಟಗಳ 'ತುಂಡು' ನೆನಪಾಗುತ್ತದೆ. ದಕ್ಷಿಣ ಭಾರತದಿಂದ ಹೋದ ತಮಿಳು ಕೂಲಿಗಳು ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಸೇರಬೇಕಾದರೆ ಹಳೆಯ ದೊರೆಯ ಚೀಟಿ ಬೇಕಿತ್ತು. ಇವರ ಸಾಲ ಇಷ್ಟಿದೆ, ತೀರಿಸಿದರೆ ಕಳಿಸುತ್ತೇನೆ ಎಂದು ಅದರಲ್ಲಿ ಬರೆದಿರುತ್ತಿತ್ತು. ಆ ತುಂಡು ಇಲ್ಲದವರನ್ನು ಬೇರೆ ತೋಟದವರು ಮುಟ್ಟುತ್ತಿರಲಿಲ್ಲ. ತುಂಡು ಇದ್ದವರನ್ನು ಸಾಲ ತೀರಿಸಿ ಕೊಂಡುಕೊಳ್ಳುತ್ತಿದ್ದರು. 1921ರಲ್ಲಿ ಆ ಪದ್ಧತಿಯನ್ನು ಕಾನೂನು ಮಾಡಿ ತೆಗೆದರು. ನೋಟಿಸ್ ಅವಧಿಯ ಹಣವನ್ನು ಹೊಸ ಕಂಪನಿ 'ಬೈಔಟ್' ಮಾಡಿ ಹುಡುಗನನ್ನು ಬಿಡಿಸಿಕೊಳ್ಳುವ ಇಂದಿನ ವ್ಯವಹಾರ ಕೂಲಿಯ ದುಃಖಕ್ಕೆ ಸಮ ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಕಟ್ಟುಪಾಡಿನ ಆಕಾರ ಮಾತ್ರ ಅದೇ. ಹಳೆಯ ಧಣಿಯ ಕಾಗದವಿಲ್ಲದೆ ಹೊಸ ಧಣಿ ಇಲ್ಲ.

ಆದರೂ ಈ ಐಟಿ ಹುಡುಗರೆಲ್ಲ ಇಂಗ್ಲಿಷಿನಲ್ಲಿ ಇ-ಮೇಲ್ ಬರೆದು ಜಗಳವಾಡಬಲ್ಲವರು. ಇದೇ ಊರಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವ ಹೆಂಗಸರ ಪಾಡು ಬೇರೆ. ಗೇಟಿನಲ್ಲಿ ಸೆಕ್ಯೂರಿಟಿಯವರ ಕೈಯಲ್ಲೊಂದು ಟ್ಯಾಬ್, ಅದರಲ್ಲಿ ಆಕೆಯ ಫೋಟೊ, ಒಂದು ಸಂಖ್ಯೆ. ಆಕೆ ಎಷ್ಟು ಗಂಟೆಗೆ ಬಂದಳು, ಯಾವ ಯಾವ ಫ್ಲಾಟಿನಲ್ಲಿ ಕೆಲಸ ಮಾಡುತ್ತಾಳೆ, ಎಷ್ಟು ದಿನ ತಪ್ಪಿಸಿದಳು ಎಲ್ಲ ನಿವಾಸಿಗಳ ಮೊಬೈಲಿನಲ್ಲಿ ಕಾಣುತ್ತದೆ. ಕೆಲವು ಆ್ಯಪ್‌ಗಳಲ್ಲಿ ಹೋಟೆಲಿಗೆ ಕೊಡುವ ಹಾಗೆ ನಕ್ಷತ್ರಗಳನ್ನೂ ಕೊಡಬಹುದು. ಇದರ ಮೇಲೆ ವಾಟ್ಸ್‌ಆ್ಯಪ್ ಗುಂಪು. 'ಬಿ ಬ್ಲಾಕಿನ ಇಂಥವಳನ್ನು ಯಾರಾದರೂ ಇಟ್ಟುಕೊಳ್ಳುವವರಿದ್ದರೆ ಮೊದಲು ನನಗೆ ಪರ್ಸನಲ್ ಮೆಸೇಜ್ ಮಾಡಿ.' ಇಷ್ಟೇ ಸಂದೇಶ, ಆರೋಪವೇನು ಎಂಬುದಿಲ್ಲ. ಕೆಳಗೆ ನಾಲ್ಕು ಹೆಬ್ಬೆರಳು, ಒಂದು ಕೈಮುಗಿದ ಚಿತ್ರ. ಮರುವಾರ ಆಕೆಗೆ ಮೂರು ಮನೆ ಹೋಗಿರುತ್ತದೆ. ಕೇಳಿದರೆ 'ಬೇಡ ಬಿಡಮ್ಮ, ನಾವೇ ಮಾಡ್ಕೋತೀವಿ' ಎನ್ನುತ್ತಾರೆ. ಸಂಬಳ ಐನೂರು ಹೆಚ್ಚು ಕೇಳಿದ್ದು ಇದರ ಹಿನ್ನೆಲೆಯೋ, ಬೆಳ್ಳಿ ಲೋಟ ಕಳೆದದ್ದೋ, ಆ ಲೋಟ ಆಮೇಲೆ ದೇವರ ಗೂಡಿನ ಹಿಂದೆ ಸಿಕ್ಕಿತೋ ಯಾರಿಗೆ ಗೊತ್ತು. ಸಿಕ್ಕಿದ್ದರೆ 'ಸಿಕ್ಕಿತು, ಕ್ಷಮಿಸಿ' ಎಂದು ಅದೇ ಗುಂಪಿನಲ್ಲಿ ಬರೆದದ್ದನ್ನು ನಾನಂತೂ ನೋಡಿಲ್ಲ.

ಮನೆಗೆಲಸವನ್ನು 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದ ರಾಜ್ಯ ನಮ್ಮದು. ಸಂಬಳಕ್ಕೆ ಒಂದು ನೆಲೆ ಸಿಕ್ಕಿತು, ಹೆಸರಿಗೆ ಸಿಗಲಿಲ್ಲ. ಹೀಗೆ ಹೇಳಿದಾಗ ನನ್ನ ನೆರೆಯವರು ಸಿಟ್ಟಾಗುತ್ತಾರೆ. ಕಳ್ಳತನವಾದರೆ ಬೇರೆಯವರಿಗೆ ಎಚ್ಚರಿಕೆ ಕೊಡಬಾರದೇ? ಕೊಡಬೇಕು. ಪೊಲೀಸ್ ಠಾಣೆಗೆ ದೂರು ಕೊಡಿ, ಸಂಘದ ಕಾರ್ಯದರ್ಶಿಯ ಎದುರು ಆಕೆಯನ್ನು ಕೂರಿಸಿ ಕೇಳಿ, ಆಮೇಲೆ ಹೇಳಿ. ಅಷ್ಟು ಮಾಡಲು ತಯಾರಿಲ್ಲದಷ್ಟು ಸಣ್ಣ ವಿಷಯವಾದರೆ ಇನ್ನೊಬ್ಬರ ಅನ್ನ ಕಿತ್ತುಕೊಳ್ಳಲೂ ಅದು ಸಣ್ಣದೇ.

ಬ್ರಿಟಿಷರ ಕಾಲದ ಕಂಟೋನ್ಮೆಂಟ್ ಬಂಗಲೆಗಳ ಬಟ್ಲರುಗಳು, ಆಯಾಗಳು ಹಳೆಯ ದೊರೆಸಾನಿಯರು ಬರೆದುಕೊಟ್ಟ ಚೀಟಿಗಳ ಕಟ್ಟನ್ನು ಜೋಪಾನವಾಗಿ ಇಟ್ಟುಕೊಂಡು ಹೊಸ ಬಂಗಲೆಗೆ ಹೋಗುತ್ತಿದ್ದರು. ಅದರಲ್ಲಿ ಏನು ಬರೆದಿದೆ ಎಂದು ಅವರಿಗೆ ಓದಲು ಬರುತ್ತಿರಲಿಲ್ಲ. ಆ ಕಾಲದ ಬರಹಗಳಲ್ಲಿ, ಚೀಟಿಯಲ್ಲಿ ಕುಹಕ ಬರೆದುಕೊಟ್ಟು ನಗುತ್ತಿದ್ದ ಸಾಹೇಬರ ಪ್ರಸಂಗಗಳು ಬರುತ್ತವೆ. ಕಾಗದವಾದರೂ ಆಗ ಕೆಲಸದವರ ಕೈಯಲ್ಲಿತ್ತು. ಓದಬಲ್ಲ ಒಬ್ಬ ಗುಮಾಸ್ತ ಸಿಕ್ಕಿದರೆ ಗುಟ್ಟು ರಟ್ಟಾಗುತ್ತಿತ್ತು. ಇಂದಿನ ಆ್ಯಪ್‌ನಲ್ಲಿ ಅಷ್ಟು ಸೌಕರ್ಯವೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಉತ್ತರ ಹುಡುಕಲು ಮೊದಲೇ ಹೊರದೇಶಕ್ಕೆ ಹೋಗಬೇಕಿಲ್ಲ. ನಮ್ಮ ಸರ್ಕಾರಿ ಕಚೇರಿಗಳಲ್ಲಿ 'ಸಿಆರ್' ಎಂಬ ಗೌಪ್ಯ ವರದಿಗೆ ಹೆದರದ ನೌಕರನಿರಲಿಲ್ಲ. ಸಾಹೇಬರು ವರ್ಷಕ್ಕೊಮ್ಮೆ ಅದರಲ್ಲಿ ಏನು ಬರೆದರು ಎಂಬುದರ ಮೇಲೆ ಬಡ್ತಿ ನಿಂತಿರುತ್ತಿತ್ತು. ತೀರ ಕೆಟ್ಟದ್ದು ಬರೆದಿದ್ದರೆ ಮಾತ್ರ ತಿಳಿಸುವ ರೂಢಿ. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯ ಒಬ್ಬ ಅಧಿಕಾರಿಗೆ ಒಂದು ವರ್ಷ 'ಉತ್ತಮ' ಎಂದು ಬರೆದಿದ್ದರು. ಕೇಳಲು ಹಿತವಾಗಿದೆ, ಆದರೆ ಬಡ್ತಿಗೆ ಬೇಕಿದ್ದದ್ದು 'ಅತ್ಯುತ್ತಮ'. ಹೊಗಳಿಕೆಯೇ ಅವರಿಗೆ ಮುಳುವಾಯಿತು, ಅದು ಅವರಿಗೆ ತಿಳಿದಿರಲೂ ಇಲ್ಲ. ದೇವ್ ದತ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ವರದಿಯ ಪ್ರತಿಯೊಂದು ನಮೂದನ್ನೂ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ನೌಕರನಿಗೆ ತಿಳಿಸಲೇಬೇಕು, ಆಕ್ಷೇಪಿಸಲು ಅವಕಾಶ ಕೊಡಬೇಕು ಎಂದಿತು. ಮುಂದೆ 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ನೌಕರನಿಗೆ ನ್ಯಾಯವಾಗಿ ಕಂಡದ್ದು ಖಾಸಗಿ ನೌಕರನಿಗೆ ಏಕೆ ಐಷಾರಾಮವಾಗಬೇಕು?

ಹೊಸ ಕಾನೂನು ಇದನ್ನು ಸರಿಮಾಡುತ್ತದೆ ಎಂದು ಆಸೆಪಟ್ಟವರಿದ್ದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಸಾರಿದ ತೀರ್ಪಿಗೆ ಕಾರಣರಾದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಮ್ಮ ಬಗ್ಗೆ ಇಟ್ಟುಕೊಂಡ ಮಾಹಿತಿ ಕೇಳಿ ಪಡೆಯುವ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು 11 ಮತ್ತು 12ನೇ ಕಲಂಗಳು ಕೊಟ್ಟಿವೆ. ಆದರೆ ಅಕ್ಷರ ಅಕ್ಷರ ಓದಿ. ಒಪ್ಪಿಗೆಯ ಮೇಲೆ ಮಾಹಿತಿ ಬಳಸಿದ ಕಡೆ ಮಾತ್ರ ಆ ಹಕ್ಕುಗಳು. ಅದೇ ಕಾಯ್ದೆಯ 7ನೇ ಕಲಂ, ಉದ್ಯೋಗದ ಉದ್ದೇಶಕ್ಕೆ ಮತ್ತು ಮಾಲೀಕರನ್ನು ನಷ್ಟದಿಂದ ಕಾಪಾಡಲು, ಒಪ್ಪಿಗೆಯೇ ಇಲ್ಲದೆ ಮಾಹಿತಿ ಬಳಸಬಹುದು ಎನ್ನುತ್ತದೆ. ಮಾಲೀಕ ಈ ಬಾಗಿಲಿನಿಂದ ಒಳಬಂದರೆ ನೌಕರನ ಹಕ್ಕು ಹೊರಗೇ ಉಳಿಯುತ್ತದೆ. ಜೊತೆಗೆ ಕಾಯ್ದೆಯ ಹೆಸರಲ್ಲೇ 'ಡಿಜಿಟಲ್' ಇದೆ. ಫೋನಿನಲ್ಲಿ ಎಳೆದ ಆ 'ಸ್ವಲ್ಪ' ಅದರ ವ್ಯಾಪ್ತಿಗೇ ಬರುವುದಿಲ್ಲ.

ಅಮೆರಿಕದಲ್ಲಿ ಒಂದು ನಿಯಮ ಇದೆ, ನಾವು ಎರವಲು ತರಬಹುದಾದದ್ದು. ಏಜೆನ್ಸಿಯ ವರದಿಯ ಆಧಾರದ ಮೇಲೆ ಕೆಲಸ ನಿರಾಕರಿಸುವ ಮೊದಲು ಆ ವರದಿಯ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕು. ಅವನು ನೋಡಿ ಇದು ನಾನಲ್ಲ, ಇದು ಸುಳ್ಳು ಎನ್ನಲು ಸಮಯವಿರಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಹಿಂದಿನ ಸಂಬಳವನ್ನು ಕೇಳುವುದನ್ನೇ ನಿಷೇಧಿಸಿವೆ. ಒಂದು ಕಡೆ ಕಡಿಮೆ ಕೊಟ್ಟದ್ದು ಹೆಂಗಸರನ್ನು ನೌಕರಿಯಿಂದ ನೌಕರಿಗೆ ಹಿಂಬಾಲಿಸಬಾರದೆಂಬ ಲೆಕ್ಕ. ನಮ್ಮ ಫಾರಂಗಳಲ್ಲಿ ಇಂದಿಗೂ ಕೊನೆಯ ಸಂಬಳದ ಚೀಟಿ ಇಲ್ಲದೆ ಮಾತೇ ಮುಂದೆ ಹೋಗುವುದಿಲ್ಲ. ನಮ್ಮಲ್ಲೂ ಒಳ್ಳೆಯ ಮಾದರಿ ಇಲ್ಲದಿಲ್ಲ. ಬಿಪಿಒಗಳಲ್ಲಿ ಗಿರಾಕಿಗಳ ಹಣ ಲಪಟಾಯಿಸಿದ ಪ್ರಕರಣಗಳು ಸುದ್ದಿಯಾದ ಮೇಲೆ 2006ರಲ್ಲಿ ನಾಸ್ಕಾಂ ಶುರುಮಾಡಿದ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿಯಲ್ಲಿ ನೌಕರನೇ ನೋಂದಾಯಿಸಿಕೊಳ್ಳುತ್ತಾನೆ, ಅವನು ಅನುಮತಿ ಕೊಟ್ಟ ಕಂಪನಿಗೆ ಮಾತ್ರ ವಿವರ ಕಾಣುತ್ತದೆ. ಡ್ರೊಯಿಟ್‌ವಿಚ್‌ನ ಕಾರ್ಡುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ತಂತ್ರಜ್ಞಾನದ್ದಲ್ಲ. ಬೀಗದ ಕೈ ಯಾರ ಬಳಿ ಇದೆ ಎಂಬುದರದ್ದು.

ನೌಕರ ಓದುತ್ತಾನೆಂದು ಗೊತ್ತಾದರೆ ಯಾರೂ ನಿಜ ಬರೆಯುವುದಿಲ್ಲ, ಎಲ್ಲರೂ ತಾರೀಖು ಮತ್ತು ಹುದ್ದೆ ಬರೆದು ಕೈ ತೊಳೆದುಕೊಳ್ಳುತ್ತಾರೆ, ಇನ್ನೊಬ್ಬ ಕಲೆನ್ ಹುಟ್ಟುತ್ತಾನೆ. ಇದು ಬಲವಾದ ಆಕ್ಷೇಪ, ನಾನು ತಳ್ಳಿಹಾಕುವುದಿಲ್ಲ. ಆದರೆ ಕಲೆನ್‌ನ ವಿಷಯದಲ್ಲಿ ಗುಟ್ಟಾಗಿ ಹೇಳುವ ಅವಕಾಶ ಆಸ್ಪತ್ರೆಗಳಿಗೆ ಇದ್ದೇ ಇತ್ತು. ಹೇಳಲಿಲ್ಲ. ಗುಟ್ಟು ಸತ್ಯವನ್ನು ಹೊರತರುತ್ತದೆ ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗುವುದಿಲ್ಲ. ಅಲ್ಲಿ ಬೇಕಿದ್ದದ್ದು ಕಡ್ಡಾಯ ಮತ್ತು ರಕ್ಷಣೆ, ಕೊನೆಗೆ ಬಂದದ್ದೂ ಅವೇ. ಮಕ್ಕಳು, ರೋಗಿಗಳು, ಹಣದ ಠೇವಣಿ ಇಂಥ ಕೆಲವೇ ಕಡೆ ಹೇಳುವುದು ಕಡ್ಡಾಯವಾಗಲಿ. ವಿಚಾರಣೆ ನಡೆಸಿ ಸಾಬೀತಾದದ್ದನ್ನು, ಬರಹದಲ್ಲಿ, ನೌಕರನಿಗೆ ಪ್ರತಿ ಕೊಟ್ಟು. ವಿಚಾರಣೆ ನಡೆಯುವಾಗಲೇ ರಾಜೀನಾಮೆ ಕೊಟ್ಟು ಜಾರಿಕೊಂಡರೆ 'ವಿಚಾರಣೆ ಬಾಕಿಯಿತ್ತು' ಎಂದೇ ಬರೆಯಲಿ, ಅದೂ ಸತ್ಯವೇ. ಉಳಿದೆಡೆ ತಾರೀಖು, ಹುದ್ದೆ ಸಾಕು. ಸಂತೆಯಲ್ಲಿ ಎತ್ತು ಕೊಳ್ಳುವವನೂ ಹಳೆಯ ಯಜಮಾನನ ಮಾತನ್ನು ನಂಬಿ ಸುಮ್ಮನಾಗುವುದಿಲ್ಲ, ನೊಗ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೆಲಸ ಬಲ್ಲರೋ ಇಲ್ಲವೋ ಎಂದು ನೋಡಲು ಸಂದರ್ಶನ, ಪ್ರೊಬೇಷನ್ ಎಂದು ಆರಾರು ತಿಂಗಳು ಕೈಯಲ್ಲಿಟ್ಟುಕೊಂಡ ಮೇಲೂ ಪರರ ಅಭಿಪ್ರಾಯಕ್ಕೆ ಕೈಯೊಡ್ಡುವುದು ಸೋಮಾರಿತನ.

ಸಣ್ಣ ಹೋಟೆಲಿನವರು, ಚಿನ್ನದಂಗಡಿಯವರು, ಗ್ಯಾರೇಜಿನವರು ಇಷ್ಟೆಲ್ಲ ಕಾಗದ ಪತ್ರ ಮಾಡಲಾರರು, ಅವರಿಗೆ ಫೋನೇ ಗತಿ. ಅದಕ್ಕೆ ಕಾನೂನಿನ ಮದ್ದಿಲ್ಲ, ಇರಬೇಕೆಂದೂ ನನಗನ್ನಿಸುವುದಿಲ್ಲ. ಫೋನಿಟ್ಟ ಮೇಲೆ ಎದುರಿಗಿರುವ ಹುಡುಗನನ್ನು 'ನಿಮ್ಮ ಹಳೆಯ ಯಜಮಾನರು ಹೀಗೆ ಅಂದರು, ಏನಪ್ಪ ಇದು?' ಎಂದು ಒಂದು ಮಾತು ಕೇಳಬಹುದು. ದೊಡ್ಡ ಕಂಪನಿಗಳಿಗಿಂತ ಇವರಿಗೇ ಅದು ಸುಲಭ, ಕೇಳುವವರೂ ಇದ್ದಾರೆ.

2025ರಲ್ಲಿ ಕರ್ನಾಟಕ ಗಿಗ್ ಕೆಲಸಗಾರರಿಗೆಂದೇ ಕಾಯ್ದೆ ತಂದಿತು. ಊಟ, ಸಾಮಾನು ತಲುಪಿಸುವವರನ್ನು ಆ್ಯಪ್‌ನವರು ತೆಗೆದುಹಾಕಬೇಕಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಸಾಮಾನ್ಯವಾಗಿ 14 ದಿನ ಮೊದಲೇ ತಿಳಿಸಬೇಕು. ಮೊಬೈಲ್ ತೆರೆದಾಗ ಐಡಿ ಬ್ಲಾಕ್ ಆಗಿರುವುದಷ್ಟೇ ಗೊತ್ತಾಗುತ್ತಿದ್ದ ಹುಡುಗರಿಗೆ ಇದು ದೊಡ್ಡ ಮಾತು. ಇನ್ನು ಇದೇ ನಗರದಲ್ಲಿ ರಾತ್ರಿ ಹತ್ತಕ್ಕೆ ಊಟ ತರಿಸಿಕೊಳ್ಳುವ ಎಂಜಿನಿಯರಿಗೆ, ಆತನ ಮನೆಯ ಪಾತ್ರೆ ತೊಳೆಯುವವಳಿಗೆ ತಮ್ಮ ಬಗ್ಗೆ ಯಾರು ಯಾರಿಗೆ ಏನು ಹೇಳಿದರು ಎಂದು ಕೇಳುವ ಹಕ್ಕು ಯಾವ ಕಾಯ್ದೆಯಲ್ಲಿ, ಯಾವ ಕಲಮಿನಲ್ಲಿ ಬರುತ್ತದೆ ಎಂದು ಕಾರ್ಮಿಕ ಇಲಾಖೆಯವರು ಹೇಳಲಿ.